ಹಾಜರಿಯ ಕಟ್ಟಳೆ, ಹಾದಿಯ ಭಾರ



ದೊಡ್ಡ ಕಂಪನಿಗಳು ತಮ್ಮ ನೌಕರರನ್ನು ಕಟ್ಟುನಿಟ್ಟಾಗಿ ಕಚೇರಿಗೆ ಮರಳಿ ಕರೆಯುತ್ತಿರುವ ಈ ದಿನಗಳಲ್ಲಿ, ಆ ಕಟ್ಟಳೆಗೂ ನೌಕರರ ದೇಹಾರೋಗ್ಯಕ್ಕೂ ಇರುವ ಸಂಬಂಧವನ್ನು ವಿಮರ್ಶಿಸಲು ನಾವು ತುಮಕೂರಿನಲ್ಲಿ ನೆರೆದಿರುವುದು ಎಲ್ಲ ವಿಧದಲ್ಲಿಯೂ ಉಚಿತವಾಗಿದೆ. ಬೆಂಗಳೂರಿನ ಸಭಾಂಗಣವೊಂದರಲ್ಲಿ ಈ ಪ್ರಶ್ನೆ ಕಾರ್ಯದಕ್ಷತೆಯ ಪ್ರಶ್ನೆಯಾಗಿ, ಕಟ್ಟಡಗಳ ಬಾಡಿಗೆಯ ಪ್ರಶ್ನೆಯಾಗಿ ಕಾಣುತ್ತಿತ್ತೋ ಏನೋ. ಆದರೆ ನಸುಕಿನಲ್ಲಿ ಮನೆ ಬಿಟ್ಟು ಕತ್ತಲಾದ ಮೇಲೆ ಮನೆ ಸೇರುವ ಮಗನಿಗಾಗಿಯೋ ಸೊಸೆಗಾಗಿಯೋ ಊಟ ಮುಚ್ಚಿಟ್ಟು ಕಾಯುವ ಮನೆಗಳು ತುಂಬಿರುವ ತುಮಕೂರು, ಗುಬ್ಬಿ, ಕುಣಿಗಲ್ಲುಗಳಲ್ಲಿ ಇದು ಮೊತ್ತಮೊದಲು ಶರೀರದ ಪ್ರಶ್ನೆ.

2020ರ ಮಾರ್ಚ್ ತಿಂಗಳಲ್ಲಿ ದೇಶವೇ ಬಾಗಿಲು ಮುಚ್ಚಿದಾಗ, ಬೆಂಗಳೂರಿನ ಬಾಡಿಗೆ ಮನೆಗಳನ್ನು ಬಿಟ್ಟು ಊರಿಗೆ ಹಿಂದಿರುಗಿದ ನಮ್ಮ ತರುಣರು ತೋಟದ ಮನೆಗಳ ಜಗುಲಿಯ ಮೇಲೆ, ನೆಟ್‌ವರ್ಕ್ ಸಿಕ್ಕುವ ಮಹಡಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇರಿಸಿಕೊಂಡು ಅಮೆರಿಕೆಯ ಗ್ರಾಹಕರ ಕೆಲಸವನ್ನು ಲೋಪವಿಲ್ಲದೆ ನಡೆಸಿಕೊಟ್ಟರು. ಇದೇ ಮುಂದಿನ ಪದ್ಧತಿಯಾಗುವುದೆಂದು ಆಗ ಕಂಪನಿಗಳೂ ನಂಬಿದ್ದವು. 2025ರ ವೇಳೆಗೆ ಯಾವ ಹೊತ್ತಿನಲ್ಲಿಯೂ ನೂರಕ್ಕೆ 25ರಷ್ಟು ನೌಕರರು ಮಾತ್ರ ಕಚೇರಿಯಲ್ಲಿದ್ದರೆ ಸಾಕೆಂದು ಟಿಸಿಎಸ್ ಸಾರಿತ್ತು. ಅದೇ ಕಂಪನಿ 2023ರ ಅಕ್ಟೋಬರ್‌ನಿಂದ ವಾರದ ಐದು ದಿನವೂ ಬರತಕ್ಕದ್ದೆಂದು ವಿಧಿಸಿತು. 2024ರಲ್ಲಿ ಸಂಬಳದ ಬದಲಾಗುವ ಭಾಗವನ್ನು ಹಾಜರಾತಿಗೆ ಕಟ್ಟಿಹಾಕಿತು. ವಿಪ್ರೊ ವಾರಕ್ಕೆ ಮೂರು ದಿನವೆಂದಿತು, ಇನ್ಫೋಸಿಸ್ ತಿಂಗಳಿಗೆ ಹತ್ತು ದಿನವೆಂದಿತು, ಅಮೆಜಾನ್ 2025ರ ಜನವರಿಯಿಂದ ಐದೂ ದಿನವೆಂದಿತು. ಕಟ್ಟಳೆಗಳಲ್ಲಿ ಹೀಗೆ ತಾರತಮ್ಯವಿದ್ದರೂ, ಎಲ್ಲದರ ಲೆಕ್ಕವೂ ನೌಕರ ಬಾಗಿಲಲ್ಲಿ ಕಾರ್ಡು ತೋರಿಸಿ ಪಂಚ್ ಮಾಡಿದ ಕ್ಷಣದಿಂದಲೇ ಮೊದಲಾಗುತ್ತದೆ. ಅದಕ್ಕೆ ಮುಂಚೆ ನಡೆದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಆ ಮುಂಚಿನದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು, ತುಮಕೂರಿನಿಂದ ಬೆಂಗಳೂರಿಗೆ 70; ಕುಣಿಗಲ್ಲಿನಿಂದಲೂ ಹೆಚ್ಚುಕಡಿಮೆ ಅಷ್ಟೇ. ಕ್ಯಾತ್ಸಂದ್ರದ ಟೋಲ್ ದಾಟಿ ದಾಬಸ್‌ಪೇಟೆಯ ಮೇಲೆ ಬರುವವರೂ, ಕುಣಿಗಲ್ಲಿನಿಂದ ಸೋಲೂರಿನ ಮೇಲೆ ಬರುವವರೂ ನೆಲಮಂಗಲದಲ್ಲಿ ಕೂಡಿಕೊಳ್ಳುತ್ತಾರೆ. ಅಲ್ಲಿಗೆ ಪ್ರಯಾಣ ಮುಗಿಯುವ ಬದಲು ಅದರ ಕಠಿಣ ಭಾಗ ಆರಂಭವಾಗುತ್ತದೆ. ಏಕೆಂದರೆ ನಾವು ನಗರವನ್ನು ಪ್ರವೇಶಿಸುವುದು ವಾಯವ್ಯದ ಬಾಗಿಲಿನಿಂದ. ಕೆಲಸದ ಬಹುಪಾಲು ಇರುವುದೋ ವೈಟ್‌ಫೀಲ್ಡಿನಲ್ಲಿ, ಹೊರವರ್ತುಲ ರಸ್ತೆಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಎಂದರೆ ನಗರದ ಆಚೆಯ ಅಂಚುಗಳಲ್ಲಿ. 10 ಕಿಲೋಮೀಟರು ಸಾಗಲು ಸರಾಸರಿ 34 ನಿಮಿಷ ಹಿಡಿಯುತ್ತದೆಂದು ಟಾಮ್‌ಟಾಮ್ ಸಂಸ್ಥೆಯ 2024ರ ಸೂಚಿ ಯಾವ ನಗರವನ್ನು ಕುರಿತು ಹೇಳಿತೋ ಆ ನಗರವನ್ನು ನಮ್ಮ ಮಕ್ಕಳು ದಿನಕ್ಕೆ ಎರಡು ಬಾರಿ ಉದ್ದಕ್ಕೂ ದಾಟಬೇಕಾಗಿದೆ. 2021ರ ಡಿಸೆಂಬರ್‌ನಲ್ಲಿ ಪೀಣ್ಯದ ಮೇಲ್ಸೇತುವೆಯ ಕೇಬಲ್ಲುಗಳಲ್ಲಿ ದೋಷ ಕಂಡು ಅದನ್ನು ಮುಚ್ಚಿ, ಮುಂದೆ ಬಹುಕಾಲ ಭಾರಿ ವಾಹನಗಳನ್ನು ಅದರ ಮೇಲೆ ಬಿಡದೆ ಇದ್ದಾಗ, ಕೆಳಗಿನ ರಸ್ತೆಯಲ್ಲಿ ಬಸ್ಸಿನೊಳಗೆ ನಿಂತವರ ಪಾಡನ್ನು ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದೀರಿ. 2024ರ ನವೆಂಬರ್‌ನಲ್ಲಿ ಮೆಟ್ರೋ ಮಾದಾವರದವರೆಗೆ ಬಂದದ್ದರಿಂದ ಉಪಕಾರವಾಗಿದೆ, ಇಲ್ಲವೆನ್ನಲಾಗದು. ಆದರೆ ಮಾದಾವರವನ್ನು ಮುಟ್ಟುವ ಭಾರ ಇನ್ನೂ ನಮ್ಮದೇ. ಕಂಪನಿಗಳ ಕ್ಯಾಬುಗಳು ಸಾಮಾನ್ಯವಾಗಿ ನಗರದ ಎಲ್ಲೆಯೊಳಗೇ ತಿರುಗುತ್ತವೆ.

ಕುಣಿಗಲ್ಲಿನಿಂದ ದಿನವೂ ಬಸ್ಸಿನಲ್ಲಿ ಹೋಗಿಬರುವ ತರುಣಿಯೊಬ್ಬಳು ನನ್ನೊಡನೆ ಮಾತನಾಡುತ್ತ ಹೇಳಿದಳು: “ಬೆಳಿಗ್ಗೆ ಎದ್ದಾಗಿನಿಂದ ಆಫೀಸು ಮುಟ್ಟೋವರೆಗೂ ನೀರು ಕುಡಿಯೋದಿಲ್ಲ ಸರ್. ಕುಡಿದರೆ ದಾರೀಲಿ ಎಲ್ಲಿಗೆ ಹೋಗೋದು?” ಸಂಜೆಯೂ ಅಷ್ಟೇ, ಕಚೇರಿ ಬಿಡುವುದಕ್ಕೆ ಬಹಳ ಮುಂಚೆಯೇ ನೀರಿನ ಬಾಟಲಿಯನ್ನು ಚೀಲದೊಳಗೆ ಹಾಕಿಬಿಡುವಳಂತೆ. ಬೆಳಗಿನ ಚಿತ್ರಾನ್ನದ ಡಬ್ಬಿಯನ್ನು ಬಸ್ಸು ಕುಲುಕುವಾಗ ತೆರೆಯಲಾಗದೆ ಮಧ್ಯಾಹ್ನಕ್ಕೆ ಉಳಿಸುವುದೂ ಉಂಟಂತೆ. ಬಾಯಾರಿಕೆಯನ್ನು ಹೀಗೆ ವರ್ಷಾನುಗಟ್ಟಲೆ ತಡೆಹಿಡಿದವರ ಮೂತ್ರಕೋಶಕ್ಕೆ ಏನಾಗುತ್ತದೆಂಬುದನ್ನು ಈ ಸಭೆಯಲ್ಲಿರುವ ವೈದ್ಯರು ನನಗಿಂತ ಚೆನ್ನಾಗಿ ಬಲ್ಲರು. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಸ್ತ್ರೀಯರಿಗೆ ವರ್ಷಕ್ಕೆ 12 ದಿನಗಳ ಸವೇತನ ಋತುಸ್ರಾವ ರಜೆಯನ್ನು ಒಪ್ಪಿಕೊಂಡದ್ದು ಶ್ಲಾಘನೀಯ ಕಾರ್ಯ. ಆದರೆ ಉಳಿದ ದಿನಗಳಲ್ಲಿಯೂ ಅವರ ಶರೀರ ಅವರೊಡನೆಯೇ ಪ್ರಯಾಣ ಮಾಡುತ್ತಿದೆಯಲ್ಲವೆ?

ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ನೂರಕ್ಕೆ 35ರಷ್ಟೂ, ಹೃದ್ರೋಗದಿಂದ ಸಾಯುವ ಅಪಾಯ ನೂರಕ್ಕೆ 17ರಷ್ಟೂ ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಕೂಡಿ ಪ್ರಕಟಿಸಿದವು. ಆ ಅಧ್ಯಯನ ಎಣಿಸಿದ್ದು ಕೆಲಸದ ಗಂಟೆಗಳನ್ನು, ಪ್ರಯಾಣದ ಗಂಟೆಗಳನ್ನಲ್ಲ. ಈ ಭೇದವನ್ನು ಮರೆಯಲಾಗದು. ಆದರೂ ದಿನಕ್ಕೆ ಒಂಬತ್ತು ಗಂಟೆಯಂತೆ ಐದು ದಿನ ಕಚೇರಿಯಲ್ಲಿದ್ದು, ಹೋಗುವಾಗ ಎರಡೂವರೆ ಗಂಟೆ ಬರುವಾಗ ಎರಡೂವರೆ ಗಂಟೆ ಹಾದಿಯಲ್ಲಿ ಕಳೆಯುವವನ ವಾರ 70 ಗಂಟೆಯಾಗುತ್ತದಲ್ಲ, ಅದರಲ್ಲಿ ಇಷ್ಟು ದುಡಿಮೆ ಇಷ್ಟು ಪ್ರಯಾಣ ಎಂದು ಬಿಡಿಸಿ ನೋಡುವ ವಿವೇಕ ಸೊಂಟದ ಮೂಳೆಗೂ ನಿದ್ರೆಗೂ ಎಲ್ಲಿಂದ ಬರಬೇಕು?

ಮನೆಯಿಂದ ದುಡಿಯುವುದೇ ಸ್ವರ್ಗವೆಂದು ನಾನು ಹೇಳಲು ಬಂದಿಲ್ಲ. ಮಂಚದ ಮೇಲೆ ಕುಳಿತು ದುಡಿದು ಬೆನ್ನು ಕೆಡಿಸಿಕೊಂಡವರನ್ನೂ, ಹಗಲು ರಾತ್ರಿಗಳ ಗೆರೆ ಅಳಿಸಿಹೋಗಿ ಒಂಟಿತನದಲ್ಲಿ ಕುಗ್ಗಿದವರನ್ನೂ, ಒಂದು ಕೈಯಲ್ಲಿ ಕೀಲಿಮಣೆ ಮತ್ತೊಂದರಲ್ಲಿ ಸೌಟು ಹಿಡಿದು ಬಳಲಿದ ಹೆಣ್ಣುಮಕ್ಕಳನ್ನೂ ಆ ಎರಡು ವರ್ಷಗಳಲ್ಲಿ ನಾವು ಕಂಡಿದ್ದೇವೆ. ಹೊಸಬರು ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುವುದುಂಟೆಂಬ ಕಂಪನಿಗಳ ಮಾತಿನಲ್ಲಿಯೂ ಸತ್ಯವಿದೆ. ಆದರೆ ಆ ಸತ್ಯಕ್ಕೆ ಐದು ದಿನಗಳೂ ಬೇಕೆ? ಚೀನಾದ ಟ್ರಿಪ್.ಕಾಮ್ ಕಂಪನಿಯ 1,612 ನೌಕರರನ್ನು ಒಳಗೊಂಡು ನಡೆದ ಪ್ರಯೋಗವೊಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು: ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರಲ್ಲಿ ಕೆಲಸ ಬಿಡುವವರ ಸಂಖ್ಯೆ ಮೂರನೆಯ ಒಂದು ಪಾಲು ಇಳಿಯಿತು, ಕೆಲಸದ ಗುಣಕ್ಕಾಗಲಿ ಬಡ್ತಿಗಾಗಲಿ ಕುಂದು ಬರಲಿಲ್ಲ.

ನನ್ನ ಮುಖ್ಯ ವಿಚಾರವನ್ನು ಈಗ ನಿವೇದಿಸುತ್ತೇನೆ. ನೌಕರನ ಸಾನ್ನಿಧ್ಯವನ್ನು ಅಪೇಕ್ಷಿಸುವ ಹಕ್ಕು ಧಣಿಗೆ ಇದೆಯಾದರೆ, ಆ ಸಾನ್ನಿಧ್ಯಕ್ಕಾಗಿ ದೇಹ ತೆರುವ ಬೆಲೆಯಲ್ಲಿ ಪಾಲುಗೊಳ್ಳುವ ಕರ್ತವ್ಯವೂ ಅವನಿಗೆ ಇದೆ. ಇದು ನಮ್ಮ ನಾಡಿಗೆ ಹೊಸ ಮಾತಲ್ಲ. ಬೆಂಗಳೂರಿನಲ್ಲಿ ಐಟಿಐ ಕಾರ್ಖಾನೆ ಕಟ್ಟಿದವರು ಅದರೊಡನೆ ದೂರವಾಣಿನಗರವನ್ನೂ ಕಟ್ಟಿದರು. ಬಿಇಎಲ್, ಎಚ್‌ಎಂಟಿಗಳು ಜಾಲಹಳ್ಳಿಯಲ್ಲಿ ಯಂತ್ರಗಳ ಜತೆಗೆ ಮನೆಗಳನ್ನೂ ಎಬ್ಬಿಸಿದವು. ಸಾವಿರಾರು ಜನ ಗಂಟೆ ಹೊಡೆಯುವ ಹೊತ್ತಿಗೆ ಬಾಗಿಲಲ್ಲಿರಬೇಕಾದರೆ ಅವರು ಎಲ್ಲಿ ಮಲಗಿ ಏಳುತ್ತಾರೆಂಬುದು ತಮಗೆ ಸಂಬಂಧಿಸಿದ ವಿಷಯವೆಂದು ಆ ವ್ಯವಸ್ಥಾಪಕರು ತಿಳಿದಿದ್ದರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಸಂಚರಿಸಿದ ನಾಟಕ ಕಂಪನಿಯನ್ನೇ ನೋಡಿ: ರಾತ್ರಿ ರಂಗದ ಮೇಲೆ ಕಲಾವಿದ ಇರಲೇಬೇಕಾಗಿತ್ತು, ಅದರಲ್ಲಿ ವಿನಾಯಿತಿ ಇಲ್ಲ, ಆದರೆ ಕ್ಯಾಂಪು ಹೋದಲ್ಲಿಗೆ ಬಿಡಾರವೂ ಅಡುಗೆಯ ಒಲೆಯೂ ಹೋಗುತ್ತಿದ್ದವು. ಆ ಪರಂಪರೆಯ ಜಿಲ್ಲೆಯಿಂದಲೇ ಈ ಪ್ರಶ್ನೆ ಏಳಬೇಕಾದದ್ದು ನ್ಯಾಯ. ನ್ಯಾಯಸ್ಥಾನವೂ ಇದೇ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ: 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಮನೆಗೂ ಕೆಲಸದ ಸ್ಥಳಕ್ಕೂ ನಡುವೆ ಆದ ಅಪಘಾತಕ್ಕೆ ಉದ್ಯೋಗದೊಡನೆ ಸಂಬಂಧವಿದ್ದಲ್ಲಿ ಅದನ್ನು ಪರಿಹಾರಕ್ಕೆ ಅರ್ಹವಾದ ಉದ್ಯೋಗದ ಅಪಘಾತವೆಂದೇ ಪರಿಗಣಿಸಬೇಕೆಂದು ಹೇಳಿತು. ಹಾದಿಯಲ್ಲಿ ಒಮ್ಮೆಗೇ ಮುರಿದ ಕಾಲು ಉದ್ಯೋಗಕ್ಕೆ ಸೇರಿದ್ದೆಂದಾದ ಮೇಲೆ, ಅದೇ ಹಾದಿಯಲ್ಲಿ ದಿನದಿನವೂ ಸವೆದ ಬೆನ್ನು ಯಾರಿಗೆ ಸೇರಿದ್ದು?

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಕಾರ್ಮಿಕನಾಗಲಿ, ವಸಂತನರಸಾಪುರದ ಕಾರ್ಖಾನೆಗಳಿಗೆ ಹೋಗುವ ಹೆಂಗಸಾಗಲಿ ಮನೆಯಿಂದ ಕೆಲಸ ಮಾಡಲಾರರು. ಅವರಿಗಿಲ್ಲದ ಸೌಕರ್ಯ ಸಾಫ್ಟ್‌ವೇರಿನವರಿಗೇಕೆ ಎಂದು ಕೇಳುವವರುಂಟು. ನಾನು ಸೌಕರ್ಯವನ್ನು ಕೇಳುತ್ತಿಲ್ಲ. ಯಂತ್ರದ ಮುಂದೆಯೇ ನಿಲ್ಲಬೇಕಾದವನಿಗೆ ಹತ್ತಿರದ ವಸತಿ, ಬಸ್ಸು, ಶೌಚಾಲಯಗಳು ದೊರೆಯಲಿ. ನಿಲ್ಲಬೇಕಾಗಿಲ್ಲದವನನ್ನು ವೃಥಾ ನೂರಾರು ಕಿಲೋಮೀಟರು ಓಡಾಡಿಸದಿರಲಿ.

ಆದುದರಿಂದ ಈ ಸಂಕಿರಣದ ಮುಂದೆ ಕೆಲವು ಕಾರ್ಯಗಳನ್ನು ಇರಿಸಲು ಅಪ್ಪಣೆ ಬೇಡುತ್ತೇನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯೆಂದು ಸರ್ಕಾರ ಸಾರಿದೆ. ಆದರೆ ತುಮಕೂರಿನ ಪ್ಲಾಟ್‌ಫಾರಮ್ಮಿನಲ್ಲಿ ಬೆಳಿಗ್ಗೆ ನಿಂತಿರುವವರ ಮುಖಗಳನ್ನು ನೋಡಿದರೆ ಹೆಚ್ಚಿನವರು ಮೂವತ್ತರ ಆಸುಪಾಸಿನವರು. ಅವರಿಗೂ ಆ ತಪಾಸಣೆ ದೊರೆಯಬೇಕು. ರಕ್ತದೊತ್ತಡ, ಸಕ್ಕರೆಗಳ ಜತೆಗೆ ದಿನದ ಪ್ರಯಾಣದ ಗಂಟೆಗಳನ್ನೂ ವೈದ್ಯರು ಅದೇ ಚೀಟಿಯಲ್ಲಿ ಬರೆಯಬೇಕು. ಈ ಜಿಲ್ಲೆಯ ವೈದ್ಯ ಮಿತ್ರರು ಅದಕ್ಕಾಗಿ ಕಾನೂನನ್ನು ಕಾಯಬೇಕಾಗಿಲ್ಲ. ನಾಳೆಯಿಂದಲೇ ಮೊದಲು ಮಾಡಬಹುದು. ಬೆಂಗಳೂರಿನ ಕಂಪನಿಗಳು ಹತ್ತಾರು ಮೇಜುಗಳ ಒಂದು ಚಿಕ್ಕ ಶಾಖೆಯನ್ನು ತುಮಕೂರಿನಲ್ಲಿ ತೆರೆದು, ಅಲ್ಲಿನ ಹಾಜರಿಯನ್ನೂ ಹಾಜರಿಯೆಂದೇ ಪರಿಗಣಿಸಲು ತಗಲುವ ವೆಚ್ಚವೆಷ್ಟೆಂಬುದನ್ನು ವಾಣಿಜ್ಯ ವಿಭಾಗದವರು ಅಂಕಿಗಳಲ್ಲಿ ತೋರಿಸಿಕೊಡಬೇಕು. ಆ ಲೆಕ್ಕದಲ್ಲಿ ಬಾಡಿಗೆ, ವಿದ್ಯುತ್ತುಗಳ ಪಕ್ಕದಲ್ಲಿ ಔಷಧದ ಖರ್ಚಿಗೂ ಒಂದು ಸಾಲು ಇರಲಿ. ಮೊದಲನೆಯ ಗೋಷ್ಠಿ ಆ ಸಾಲಿನಿಂದಲೇ ಆರಂಭವಾಗಲೆಂದು ಪ್ರಾರ್ಥಿಸಿ, ಸಂಕಿರಣವನ್ನು ತಮ್ಮ ಕೈಗೆ ಒಪ್ಪಿಸುತ್ತೇನೆ.