ಬೇರೆ ದಾರಿ ಹಿಡಿದು ಮನೆಗೆ

(ಮೂರು ರಾಯರ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಈ ದಿನ ಬೆಳಿಗ್ಗೆ ಗೋದಲಿಯ ಮುಂದೆ ನಿಂತಿದ್ದ ನಮ್ಮ ಜ್ಞಾನೋಪದೇಶದ ತರಗತಿಯ ಹುಡುಗನೊಬ್ಬ ನನಗೆ ಒಂದು ಪ್ರಶ್ನೆ ಹಾಕಿದ. "ಫಾದರ್, ಮೂರು ರಾಯರು ಬಂದಿದ್ದನ್ನು ಗೋದಲಿಯೊಳಗ ತೋರಿಸೀವಿ. ಅವರು ವಾಪಸ್ ಹೋಗಿದ್ದನ್ನು ಯಾಕ ತೋರಿಸಿಲ್ಲ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಿಜ, ನಾವೆಲ್ಲರೂ ಅವರು ಬಂದ ದಾರಿಯನ್ನೇ ನೆನೆಯುತ್ತೇವೆ. ನಕ್ಷತ್ರ, ಒಂಟೆ, ಚಿನ್ನ, ಧೂಪ, ರಕ್ತಬೋಳ, ಎಲ್ಲವೂ ಬಂದ ದಾರಿಯದೇ. ಹೋದ ದಾರಿಯ ಬಗ್ಗೆ ಸಂತ ಮತ್ತಾಯ ಬರೆದಿರುವುದು ಒಂದೇ ಒಂದು ವಾಕ್ಯ. ಹೆರೋದನ ಬಳಿಗೆ ಹಿಂತಿರುಗಬಾರದೆಂದು ಕನಸಿನಲ್ಲಿ ಎಚ್ಚರಿಕೆ ಪಡೆದ ಅವರು ಬೇರೊಂದು ದಾರಿಯಿಂದ ಸ್ವದೇಶಕ್ಕೆ ಹೋದರು. ಇಂದು ಆ ಒಂದು ವಾಕ್ಯವನ್ನೇ ನಾವು ಧ್ಯಾನಿಸೋಣ.

ಹೆರೋದನು ಆ ಜ್ಞಾನಿಗಳನ್ನು ಏನು ಕೇಳಿದ? ಕತ್ತಿ ಹಿಡಿಯಿರಿ ಎನ್ನಲಿಲ್ಲ. ಮಗುವನ್ನು ಕೊಲ್ಲಿರಿ ಎನ್ನಲಿಲ್ಲ. ಬಹಳ ನಯವಾಗಿ, ಭಕ್ತಿಯ ಮಾತಿನಲ್ಲಿ, ಬರೀ ಒಂದು ವಿಳಾಸ ಕೇಳಿದ. ಮಗು ಎಲ್ಲಿದೆ ಎಂದು ಬಂದು ಹೇಳಿರಿ, ನಾನೂ ಹೋಗಿ ಆರಾಧಿಸುತ್ತೇನೆ ಎಂದ. ಅಷ್ಟೇ! ಅನ್ಯಾಯ ಮಾಡುವವರಿಗೆ ನಮ್ಮಿಂದ ಬೇಕಾಗುವುದು ಅನೇಕ ಸಲ ಇಷ್ಟೇ ಸಣ್ಣದು. ಒಂದು ವಿಳಾಸ, ಒಂದು ಸಹಿ, ಒಂದು ನಗು, ಮುಂದಕ್ಕೆ ಕಳಿಸುವ ಒಂದು ಸುದ್ದಿ, ಇಲ್ಲವೇ ಬರೀ ನಮ್ಮ ಮೌನ. ಜ್ಞಾನಿಗಳು ಹೆರೋದನ ಅರಮನೆಯ ಮುಂದೆ ನಿಂತು ಕೂಗಲಿಲ್ಲ. ದಂಗೆ ಏಳಲಿಲ್ಲ. ಕೇಳಿದ ಆ ಸಣ್ಣದನ್ನು ಕೊಡಲಿಲ್ಲ. ಬೇರೆ ದಾರಿ ಹಿಡಿದು ಮನೆಗೆ ಹೋದರು. ಮಗುವಿನ ಮುಂದೆ ಮೊಣಕಾಲೂರಿದ್ದು ಹೇಗೆ ಆರಾಧನೆಯೋ, ಈ ಬೇರೆ ದಾರಿಯೂ ಹಾಗೆಯೇ ಆರಾಧನೆ.

ಇದು ಪವಿತ್ರ ಗ್ರಂಥದಲ್ಲಿ ಹೊಸದಲ್ಲ. ವಿಮೋಚನಾಕಾಂಡದ ಮೊದಲ ಅಧ್ಯಾಯವನ್ನು ಮನೆಗೆ ಹೋಗಿ ಓದಿರಿ. ಹಿಬ್ರಿಯರ ಗಂಡುಮಕ್ಕಳನ್ನು ಹುಟ್ಟುವಾಗಲೇ ಕೊಲ್ಲಬೇಕೆಂದು ಫರೋಹ ಅಪ್ಪಣೆ ಮಾಡಿದಾಗ ಇಬ್ಬರು ಸೂಲಗಿತ್ತಿಯರು ದೇವರಿಗೆ ಅಂಜಿ, ಅರಸನಿಗೆ ಅಂಜದೆ, ತಮ್ಮ ಕೆಲಸವನ್ನು ಎಂದಿನಂತೆ ಮಾಡಿದರು. ಹೆರಿಗೆ ಮಾಡಿಸಿದರು, ಮಕ್ಕಳನ್ನು ಬದುಕಿಸಿದರು. ಅಷ್ಟು ದೊಡ್ಡ ಫರೋಹನ ಹೆಸರೇನೆಂದು ಆ ಗ್ರಂಥ ಹೇಳುವುದಿಲ್ಲ. ಸೂಲಗಿತ್ತಿಯರಾದ ಶಿಫ್ರಾ ಮತ್ತು ಪೂವಾ ಅವರ ಹೆಸರು ಮಾತ್ರ ಇಂದಿಗೂ ಉಳಿದಿದೆ.

ಪ್ರಿಯರೇ, ನಮ್ಮ ನಾಡಿನಲ್ಲಿಯೂ ಇಂಥ ಕಾಲ ಬಂದಿತ್ತು. 1975ರ ಜೂನ್ 25ರ ರಾತ್ರಿಯಿಂದ 1977ರ ಮಾರ್ಚ್ 21ರವರೆಗೆ ದೇಶದಲ್ಲಿ ತುರ್ತುಪರಿಸ್ಥಿತಿ ಇತ್ತು. ನಿಮ್ಮಲ್ಲಿ ಹಿರಿಯರಿಗೆ ಅದು ನೆನಪಿರುತ್ತದೆ. ಪತ್ರಿಕೆಗಳಿಗೆ ಸೆನ್ಸಾರ್, ವಿರೋಧಿಸಿದವರಿಗೆ ಜೈಲು. ಆಗ ಭೂಗತರಾಗಿದ್ದವರಲ್ಲಿ ಜಾರ್ಜ್ ಫರ್ನಾಂಡಿಸ್ ಒಬ್ಬರು. ಮಂಗಳೂರಿನ ಕಥೋಲಿಕ ಮನೆತನದ ಹಿರಿಯ ಮಗ. ಗುರುವಾಗಲೆಂದು ತಂದೆತಾಯಿ ಬೆಂಗಳೂರಿನ ಗುರುಮಠಕ್ಕೆ ಕಳಿಸಿದ್ದ ಹುಡುಗ. ಅವರು ಸಿಗದಿದ್ದಾಗ 1976ರ ಮೇ 1ರಂದು ಪೊಲೀಸರು ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸರನ್ನು ಹಿಡಿದೊಯ್ದು ಚಿತ್ರಹಿಂಸೆ ಕೊಟ್ಟರು. ಕೇಳಿದ ಪ್ರಶ್ನೆ ಏನು ಗೊತ್ತೇ? "ಅಣ್ಣ ಎಲ್ಲಿದ್ದಾನೆ?" ಹೆರೋದನ ಅದೇ ಹಳೆಯ ಪ್ರಶ್ನೆ!

ಆಗ ಅವರ ತಾಯಿ ಆಲಿಸ್ ಫರ್ನಾಂಡಿಸ್ ಏನು ಮಾಡಿದರು? ಅವರಿಗೆ ಅಧಿಕಾರವಿರಲಿಲ್ಲ. ಅವರು ಹೇಳಿದ್ದನ್ನು ಅಚ್ಚುಹಾಕುವ ಸ್ವಾತಂತ್ರ್ಯ ಪತ್ರಿಕೆಗಳಿಗೆ ಇರಲಿಲ್ಲ. ಆ ತಾಯಿ ಒಂದು ಕಾಗದ ಬರೆದರು. ಮಗನಿಗೆ ಏನಾಯಿತು ಎಂಬುದನ್ನು ರಾಷ್ಟ್ರಪತಿಗಳಿಗೆ ಬರೆದು ಕಳಿಸಿದರು. ಒಂದು ಕಾಗದದಿಂದ ಸರ್ಕಾರ ಬೀಳುವುದಿಲ್ಲ, ನಿಜ. ಆದರೆ ಎಲ್ಲರೂ ಏನೂ ನಡೆದೇ ಇಲ್ಲವೆಂಬಂತೆ ಇರಬೇಕಾಗಿದ್ದ ದಿನಗಳಲ್ಲಿ ಒಬ್ಬ ತಾಯಿ "ನಡೆದಿದೆ" ಎಂದು ಬರೆದಿಟ್ಟರು. ಜಪಸರ ಹಿಡಿಯುವ ಕೈಗಳಿಂದಲೇ ಇಂಥ ಕೆಲಸವೂ ಆಗಬಲ್ಲದು ಎಂಬುದನ್ನು ನಾವು ಮರೆಯಬಾರದು.

ಈಗ ನಮ್ಮದೇ ಕಥೆಗೆ ಬರುತ್ತೇನೆ. 2008ರ ಸೆಪ್ಟೆಂಬರ್ 14, ಭಾನುವಾರ, ಪವಿತ್ರ ಶಿಲುಬೆಯ ಹಬ್ಬ. ಅಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿದವರು ಶಿಲುಬೆಯನ್ನು ಮುರಿದರು, ಪರಮಪ್ರಸಾದದ ಪೆಟ್ಟಿಗೆಯನ್ನೂ ಬಿಡಲಿಲ್ಲ. ರಾಜ್ಯದ ಬೇರೆ ಕಡೆಗಳಲ್ಲಿಯೂ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. ನಾನು ಆಗ ತಾನೇ ಗುರುದೀಕ್ಷೆ ಪಡೆದು ಒಂದು ಸಣ್ಣ ಊರಿನ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ನಮ್ಮಲ್ಲಿ ಏನೂ ಆಗಲಿಲ್ಲ. ಆದರೆ ಭಯ ಇತ್ತು. ಸಂಜೆಯ ಪೂಜೆಗೆ ಜನ ಬರುವುದು ಕಡಿಮೆಯಾಯಿತು.

ಆ ವಾರ ನಮ್ಮ ಮನೆಗೆ ಹಾಲು ಹಾಕುತ್ತಿದ್ದ ಹಿರಿಯರೊಬ್ಬರು, ಕೊರಳಲ್ಲಿ ಲಿಂಗ ಕಟ್ಟಿದವರು, ಸಂಜೆ ಬಂದು ಚರ್ಚಿನ ಮೆಟ್ಟಿಲ ಮೇಲೆ ಕೂತರು. ಎಲೆ ಅಡಿಕೆ ಹಾಕಿಕೊಂಡು ರಾತ್ರಿ ಹತ್ತು ಗಂಟೆಯ ತನಕ ಕೂತೇ ಇದ್ದರು. ಮರುದಿನವೂ ಬಂದರು, ಅದರ ಮರುದಿನವೂ ಬಂದರು. ನಾನು ಹೋಗಿ, "ಯಾಕ ಯಜಮಾನ್ರೇ, ಇಲ್ಲಿ ಕುಂತೀರಲ್ಲ?" ಎಂದು ಕೇಳಿದೆ. ಅವರು ನನ್ನ ಮುಖ ನೋಡದೆ ಹೇಳಿದರು: "ಏನಿಲ್ರಿ ಫಾದರ್, ಇಲ್ಲಿ ಗಾಳಿ ಚೊಲೋ ಬರ್ತೈತಿ." ಎಂಟು ದಿನ ಹೀಗೆ ಗಾಳಿಗೆ ಕೂತರು. ಒಂದು ದಿನವೂ ಅದರ ಬಗ್ಗೆ ಬೇರೆ ಮಾತಾಡಲಿಲ್ಲ. ಗುರುಮಠದಲ್ಲಿ ನಾನು ಹಲವು ವರ್ಷ ದೈವಶಾಸ್ತ್ರ ಓದಿದ್ದೇನೆ. ನೆರೆಯವನು ಯಾರು ಎಂಬ ಪಾಠವನ್ನು ಕಲಿತದ್ದು ಮಾತ್ರ ಆ ಮೆಟ್ಟಿಲ ಮೇಲೆ.

ಪ್ರಿಯರೇ, ಇನ್ನು ಹೇಳುವುದು ನನ್ನ ತಪ್ಪಿನ ನಿವೇದನೆ. 2022ರಲ್ಲಿ ನಮ್ಮ ರಾಜ್ಯದ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದು, ಅವರ ಹತ್ತಿರ ಯಾರೂ ಏನೂ ಕೊಳ್ಳಬಾರದು ಎಂಬ ಕೂಗು ಎದ್ದಿತು. ಅಂಥ ಸುದ್ದಿ ನನ್ನ ಮೊಬೈಲಿಗೂ ಬಂತು, ಕಳಿಸಿದವರು ನನ್ನ ಪರಿಚಯದವರೇ. ನಾನು ಓದಿದೆ, ಬೇಸರಪಟ್ಟೆ, ಸುಮ್ಮನಾದೆ. "ಇದು ಸರಿಯಲ್ಲ, ನನಗೆ ಕಳಿಸಬೇಡಿ" ಎಂದು ಎರಡು ಮಾತು ಬರೆಯಲಿಲ್ಲ. ನಮ್ಮ ಮೆಟ್ಟಿಲ ಮೇಲೆ ಎಂಟು ದಿನ ಒಬ್ಬರು ಕೂತಿದ್ದರು. ಬೇರೆಯವರ ಮೆಟ್ಟಿಲ ಮೇಲೆ ನಾನು ಎಂಟು ನಿಮಿಷವೂ ಕೂರಲಿಲ್ಲ.

ಆ ವರ್ಷವೇ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಸಂತೆಯಿಂದ ಬಂದವರು ಕೈತುಂಬ ಹೊಸ ಬಳೆ ಇಡಿಸಿಕೊಂಡಿದ್ದರು. ಯಾವ ಹಬ್ಬವೂ ಇರಲಿಲ್ಲ. ಕೇಳಿದ್ದಕ್ಕೆ ಹೇಳಿದರು: "ನಮ್ಮವ್ವಗ ಬಳಿ ಇಡಿಸಿದ್ದು ಆ ಸಾಬರ ಮನಿಯವರೇ ಫಾದರ್. ನನ್ನ ಮದುವಿಗೂ ಅವರೇ. ಯಾರೋ ಫೋನ್‌ನ್ಯಾಗ ಹೇಳಿದ್ರಂತ ಈ ಕೈ ಬ್ಯಾರೆ ಕಡಿ ಚಾಚಲೇನು?" ಜ್ಞಾನಿಗಳು ಬೇರೆ ದಾರಿ ಹಿಡಿದರು. ಈ ತಾಯಿ ಹಳೆಯ ದಾರಿಯನ್ನೇ ಬಿಡಲಿಲ್ಲ. ಎರಡರ ಅರ್ಥ ಒಂದೇ.

ಆ ಏಪ್ರಿಲ್ ತಿಂಗಳಲ್ಲೇ ಬೇಡವೆಂಬ ಒತ್ತಾಯದ ನಡುವೆಯೂ ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ಕುರಾನ್ ಪಠಣದ ಹಳೆಯ ಪದ್ಧತಿ ನಡೆಯಿತು. ಬೆಂಗಳೂರಿನ ಕರಗ ಎಂದಿನಂತೆ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬಂತು. ನಿನ್ನೆ ಮಾಡಿದ ಒಳ್ಳೆಯದನ್ನು ಇಂದೂ ಮಾಡುವುದು, ಕೆಲವು ಕಾಲಗಳಲ್ಲಿ ಅದೇ ದೊಡ್ಡ ಧೈರ್ಯ. ಶಾಸನಗಳು "ಕೋಗಳಿ ಐನೂರು" ಎಂದು ಕರೆದ ನಮ್ಮ ಸೀಮೆಯೂ ಹೀಗೆಯೇ ಬಾಳಿ ಬಂದಿದೆ. ಕೋಗಳಿಯಲ್ಲಿ ಬಸದಿ, ಕೊಟ್ಟೂರಿನಲ್ಲಿ ತೇರು, ಮೈಲಾರದಲ್ಲಿ ಕಾರಣಿಕ, ಮೊಹರಂ ಬಂದರೆ ಎಲ್ಲರೂ ಸೇರಿ ಕುಣಿಯುವ ಅಲಾಯಿ. ಇವುಗಳ ನಡುವೆ ನಮ್ಮ ಪುಟ್ಟ ಘಂಟೆಯ ದನಿಯೂ ಇದೆ.

ಆದರೆ ಇಂಥ ಸಣ್ಣ ಕೆಲಸಗಳಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಸುಲಭದ ಉತ್ತರ ನನ್ನಲ್ಲಿಲ್ಲ. ಶುಭಸಂದೇಶವೂ ಇದನ್ನು ಮುಚ್ಚಿಡುವುದಿಲ್ಲ. ಜ್ಞಾನಿಗಳು ಬೇರೆ ದಾರಿ ಹಿಡಿದರು, ಒಂದು ಮಗು ಉಳಿಯಿತು. ಆದರೆ ಬೆತ್ಲೆಹೇಮಿನ ಇತರ ಮಕ್ಕಳು ಉಳಿಯಲಿಲ್ಲ. ಆ ತಾಯಂದಿರ ಗೋಳನ್ನೂ ಸಂತ ಮತ್ತಾಯ ಬರೆದಿದ್ದಾನೆ.

ಆಸ್ಟ್ರಿಯ ದೇಶದ ಒಂದು ಹಳ್ಳಿಯಲ್ಲಿ ಫ್ರಾನ್ಸ್ ಯೇಗರ್‌ಶ್ಟೆಟರ್ ಎಂಬ ಕಥೋಲಿಕ ರೈತನಿದ್ದ. 1938ರಲ್ಲಿ ಹಿಟ್ಲರನ ಪರವಾಗಿ ಇಡೀ ಊರು ಮತ ಹಾಕಿದಾಗ ಬೇಡ ಎಂದವನು ಅವನೊಬ್ಬನೇ. ಅವನ ಸೇನೆಯಲ್ಲಿ ಹೋರಾಡಲು ಒಪ್ಪದ್ದಕ್ಕಾಗಿ 1943ರ ಆಗಸ್ಟ್ 9ರಂದು ಅವನಿಗೆ ಮರಣದಂಡನೆಯಾಯಿತು. ಯುದ್ಧ ಅದರಿಂದ ಒಂದು ದಿನವೂ ಮೊದಲೇ ಮುಗಿಯಲಿಲ್ಲ. ಆದರೂ 2007ರ ಅಕ್ಟೋಬರ್ 26ರಂದು ಧರ್ಮಸಭೆ ಅವನನ್ನು ಪುನೀತನೆಂದು ಘೋಷಿಸಿತು. ನಾವು ಗೆದ್ದೆವೋ ಇಲ್ಲವೋ ಎಂದು ದೇವರು ಕೇಳುವುದಿಲ್ಲ. ಹೆರೋದನಿಗೆ ವಿಳಾಸ ಕೊಟ್ಟೆಯಾ ಎಂದು ಕೇಳುತ್ತಾನೆ.

ನಾನು ಯಾವ ಪಕ್ಷದ ಮಾತನ್ನೂ ಆಡುತ್ತಿಲ್ಲ. ಹೆರೋದ ಯಾವ ಬಣ್ಣದ ಅಂಗಿಯನ್ನಾದರೂ ತೊಡಬಲ್ಲ. ನಮ್ಮ ನಡುವೆಯೂ, ನಮ್ಮೊಳಗೂ ಅವನು ಇರಬಲ್ಲ. ಅದಕ್ಕೆ ಈ ಹೊಸ ವರ್ಷಕ್ಕೆ ಮೂರೇ ಕಾಣಿಕೆ ಕೇಳುತ್ತೇನೆ. ನಿಜವೋ ಸುಳ್ಳೋ ತಿಳಿಯದ, ಇನ್ನೊಬ್ಬರ ಮನಸ್ಸು ಮುರಿಯುವ ಸುದ್ದಿ ನಿಮ್ಮ ಮೊಬೈಲಿಗೆ ಬಂದರೆ ಅದು ನಿಮ್ಮಲ್ಲಿಯೇ ನಿಲ್ಲಲಿ. ಯಾವ ಜಾತಿ, ಯಾವ ಧರ್ಮದವರನ್ನಾದರೂ ಹೀನೈಸಿ ನಕ್ಕಾಗ ನೀವು ನಗಬೇಡಿರಿ, ನಗದೇ ಇರುವುದೂ ಒಂದು ಸಾಕ್ಷಿ. ಭಯದಲ್ಲಿರುವ ನೆರೆಯವರ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಹೋಗಿ ಕೂತುಕೊಳ್ಳಿರಿ. ಯಾಕೆ ಬಂದಿರಿ ಎಂದರೆ, ಇಲ್ಲಿ ಗಾಳಿ ಚೊಲೋ ಬರ್ತೈತಿ ಎನ್ನಿರಿ.

ಆ ಹುಡುಗನ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ. ಮೂರು ರಾಯರು ಹಿಂತಿರುಗಿದ ದಾರಿ ಗೋದಲಿಯೊಳಗೆ ಇರುವುದಿಲ್ಲ ಮಗು. ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನ ಬಾಗಿಲಿನಿಂದಲೇ ಅದು ಶುರುವಾಗುತ್ತದೆ. ಆ ದಾರಿಯಲ್ಲಿ ನಡೆಯುವ ಬೆಳಕನ್ನು ಬಾಲಯೇಸು ನಮಗೆಲ್ಲರಿಗೂ ಕರುಣಿಸಲಿ. ಆಮೆನ್.