ಮುಖ ನೋಡಿ ಮಣೆ ಹಾಕಬೇಡಿ

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣದ ಪಠ್ಯ)



ಮಾತನ್ನು ಬರೆದುಕೊಂಡು ಬಂದಿದ್ದೇನೆ, ಓದುತ್ತೇನೆ. ನಡುನಡುವೆ ತಲೆಯೆತ್ತಿ ನಿಮ್ಮ ಮುಖ ನೋಡದಿದ್ದರೆ ಅಗೌರವ ಎಂದು ಭಾವಿಸಬೇಡಿ. ನಾನು ಆಟಿಸ್ಟಿಕ್ ವ್ಯಕ್ತಿ. ಎದುರಿಗಿರುವವರ ಕಣ್ಣು ನೋಡುತ್ತಾ ಮಾತನಾಡಿದರೆ ನನಗೆ ಮಾತಿನ ಎಳೆ ತಪ್ಪಿಹೋಗುತ್ತದೆ.

ನಾನು ಇಂದು ಆರಿಸಿಕೊಂಡ ವಿಷಯ ನಗು. ಯಾವ ನಗು ಮನಸ್ಸಿನಿಂದ ಬಂದದ್ದು, ಯಾವುದು ತೋರಿಕೆಯದು ಎಂದು ನನ್ನಂಥವರು ಹೇಗೆ ತಿಳಿಯುತ್ತಾರೆ ಎಂಬುದು. ನೆರವು ನಿಧಿಯ ಸಭೆಯಲ್ಲಿ ಇದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅರ್ಜಿ ಹಿಡಿದು ಬಂದವರ ಮುಖ ನೋಡಿಯೇ ನಾವು ಎಷ್ಟೋ ತೀರ್ಮಾನ ಮಾಡಿಬಿಡುತ್ತೇವೆ. ಆಸ್ಪತ್ರೆಗಳಲ್ಲೂ ಹಾಗೆಯೇ. ಆ ತೀರ್ಮಾನ ತಪ್ಪಿದಾಗ ಬೆಲೆ ತೆರುವವರು ರೋಗಿಗಳು.

ಮೊದಲು ಆಟಿಸಂ ಬಗ್ಗೆ ಎರಡು ಮಾತು. ಇದು ಅಂಟುವ ಕಾಯಿಲೆಯಲ್ಲ, ತಾಯಿತಂದೆ ಸರಿಯಾಗಿ ಸಾಕದ್ದರಿಂದ ಬಂದದ್ದೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ, ಜೀವನಪೂರ್ತಿ ಜೊತೆಗಿರುತ್ತದೆ. ಕೆಲವರಿಗೆ ಮಾತು ಬರುವುದಿಲ್ಲ, ಊಟ ಸ್ನಾನಕ್ಕೂ ಇನ್ನೊಬ್ಬರು ಬೇಕು. ನನ್ನಂಥ ಕೆಲವರು ಮುಂಬಯಿಯ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ನೌಕರಿಗೆ ಹೋಗಿಬರುತ್ತೇವೆ. ಎಲ್ಲರಿಗೂ ಹೆಚ್ಚುಕಡಿಮೆ ಸಾಮಾನ್ಯವಾಗಿರುವುದು ಒಂದು: ಉಳಿದವರು ಯಾರೂ ಹೇಳಿಕೊಡದೆ ಕಲಿಯುವ ಮುಖಭಾವದ ವ್ಯವಹಾರ ನಮಗೆ ತಾನಾಗಿ ಒಲಿಯುವುದಿಲ್ಲ.

ಕನ್ನಡದಲ್ಲಿ ನಗುವಿಗೆ ಎಷ್ಟು ಹೆಸರು ನೋಡಿ. ಮುಗುಳ್ನಗೆ, ಕಿರುನಗೆ, ಹುಸಿನಗೆ, ಕೊಂಕುನಗೆ, ಒಣನಗೆ. ಹೆಸರುಗಳೆಲ್ಲ ನನಗೆ ಗೊತ್ತು. ಎದುರಿಗಿರುವ ಮುಖದ ಮೇಲೆ ಈಗ ಯಾವುದು ಮೂಡಿದೆ ಎಂದು ಹೇಳುವುದು ಬೇರೆಯೇ ಕೆಲಸ. ಅದನ್ನು ನಾನು ಪಾಠದಂತೆ ಕಲಿತೆ.

ಆ ಪಾಠದ ಮೂಲಪುರುಷ ಫ್ರಾನ್ಸಿನ ವೈದ್ಯ ಗಿಯೋಮ್ ಡುಶೆನ್. ಮಕ್ಕಳ ಸ್ನಾಯುಗಳು ಕ್ರಮೇಣ ಶಕ್ತಿ ಕಳೆದುಕೊಳ್ಳುವ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಕಾಯಿಲೆಯ ಹೆಸರನ್ನು ನಿಮ್ಮಲ್ಲಿ ಕೆಲವರು ನೆರವಿನ ಮನವಿಗಳಲ್ಲಿ ಓದಿರಬಹುದು. ಅದು ಇದೇ ವೈದ್ಯರ ಹೆಸರು. ಅವರು ಮುಖದ ಸ್ನಾಯುಗಳಿಗೆ ಸಣ್ಣಗೆ ವಿದ್ಯುತ್ ಹಾಯಿಸಿ, ಯಾವ ಸ್ನಾಯು ಯಾವ ಭಾವ ತರುತ್ತದೆ ಎಂದು ಛಾಯಾಚಿತ್ರಗಳ ಸಮೇತ 1862ರಲ್ಲಿ ಪುಸ್ತಕ ಪ್ರಕಟಿಸಿದರು. ತುಟಿಯ ಅಂಚನ್ನು ಮೇಲಕ್ಕೆಳೆಯುವ ಕೆನ್ನೆಯ ಸ್ನಾಯುವನ್ನು ನಾವು ಬೇಕೆಂದಾಗ ಆಡಿಸಬಹುದು. ಕಣ್ಣಿನ ಸುತ್ತಲಿನ ಸ್ನಾಯು ಮಾತ್ರ ನಿಜವಾದ ಸಂತೋಷಕ್ಕೆ ಮಾತ್ರ ಮಣಿಯುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಕಣ್ಣಂಚಿನಲ್ಲಿ ಸುಕ್ಕು ಮೂಡಿ ಕೆನ್ನೆ ಮೇಲೇರುವ ನಗುವಿಗೆ ಇಂದಿಗೂ ಡುಶೆನ್ ನಗು ಎಂದೇ ಹೆಸರು.

ಈ ಸೂತ್ರ ಓದಿದಾಗ ನನಗೆ ಬೀಗದ ಕೈ ಸಿಕ್ಕಷ್ಟು ಸಂತೋಷವಾಯಿತು. ಬಾಯಿ ಬಿಡು, ಕಣ್ಣು ನೋಡು, ಇಷ್ಟೇ ತಾನೆ? ಆದರೆ ಬೀಗ ಇರುವುದು ಕಣ್ಣಿನಲ್ಲಿ, ನಾನು ನೋಡಲಾಗದ್ದೂ ಕಣ್ಣನ್ನೇ. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನವೂ ಇದನ್ನೇ ಹೇಳಿತು. ನಿಜವಾದ ಮತ್ತು ಬೇಕೆಂದೇ ತಂದುಕೊಂಡ ನಗುಗಳ ಚಿತ್ರ ತೋರಿಸಿದಾಗ ಆಟಿಸ್ಟಿಕ್ ವಯಸ್ಕರು ಅವುಗಳ ವ್ಯತ್ಯಾಸ ಗುರುತಿಸುವುದರಲ್ಲಿ ಹಿಂದೆ ಬಿದ್ದರು, ಕಣ್ಣಿನ ಭಾಗವನ್ನು ನೋಡಿದ್ದೂ ಕಡಿಮೆ. ಚಿತ್ರವಾದರೂ ಕದಲದೆ ಕುಳಿತಿರುತ್ತದೆ. ಮಾತಿನ ನಡುವಿನ ನಗು ಒಂದೆರಡು ಕ್ಷಣದಲ್ಲಿ ಮಾಯ. ಅಷ್ಟರಲ್ಲಿ ನಾನು ಸುಕ್ಕು ಹುಡುಕಬೇಕು, ಅವರ ಮಾತು ಕೇಳಬೇಕು, ಉತ್ತರವನ್ನೂ ಹೊಂದಿಸಬೇಕು.

ಇನ್ನೂ ಒಂದು ತೊಡಕಿದೆ. ಕಣ್ಣಂಚಿನ ಸುಕ್ಕನ್ನು ಬೇಕೆಂದೇ ತರಬಲ್ಲವರು ಸಾಕಷ್ಟು ಜನರಿದ್ದಾರೆ ಎಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಅಂದರೆ ಡುಶೆನ್ ಸೂತ್ರವೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ತೋರಿಕೆಯ ನಗುವೆಲ್ಲ ಕೆಟ್ಟದ್ದು ಎನ್ನುವಂತೆಯೂ ಇಲ್ಲ. ರಾತ್ರಿ ಪಾಳಿಯ ಕೊನೆಯಲ್ಲಿ ನರ್ಸ್ ಒಬ್ಬರು ರೋಗಿಗೆ ತೋರುವ ನಗು, ಮಗುವಿನ ವರದಿ ಕೈಯಲ್ಲಿ ಹಿಡಿದ ತಾಯಿ ಮಗುವಿಗೆ ತೋರುವ ನಗು, ಇವು ಒಳಗಿನ ಸಂತೋಷದಿಂದ ಬಂದವಲ್ಲ. ಆದರೂ ಅವುಗಳಲ್ಲಿ ಪ್ರೀತಿಯಿದೆ.

ಹಾಗಾಗಿ ಈಗ ನಾನು ನಗು ನಿಜವೋ ಸುಳ್ಳೋ ಎಂದು ಲೆಕ್ಕ ಹಾಕುವುದನ್ನು ಕಡಿಮೆ ಮಾಡಿದ್ದೇನೆ. ಆ ನಗುವಿನ ಜೊತೆ ಬಂದ ಮಾತೇನು, ಮಾತಿನಂತೆ ನಡೆದರೇ ಎಂದು ನೋಡುತ್ತೇನೆ. ಇದಕ್ಕೆ ಹೊತ್ತು ಬೇಕು. ಆಸ್ಪತ್ರೆಯ ಕೌಂಟರಿನ ಮುಂದೆ ಅಷ್ಟು ಹೊತ್ತು ಸಿಗುವುದಿಲ್ಲ.

ನನ್ನ ಕಷ್ಟ ನಿಮಗೆ ಅಪರಿಚಿತವೇನಲ್ಲ. ಊರು ಬಿಟ್ಟು ಈ ನಗರಕ್ಕೆ ಬಂದ ಹೊಸದರಲ್ಲಿ ಮರಾಠಿ ಬಾರದೆ, ಹಿಂದಿ ಅರ್ಧಂಬರ್ಧ ತಿಳಿದು, ನೀವೆಲ್ಲ ಏನು ಮಾಡುತ್ತಿದ್ದಿರಿ? ಡಬ್ಬಿಯಲ್ಲಿ ಎಲ್ಲರೂ ನಕ್ಕಾಗ ನೀವೂ ನಗುತ್ತಿದ್ದಿರಿ. ಡಾಕ್ಟರು ಹೇಳಿದ್ದು ತಿಳಿಯದಿದ್ದರೂ ನಕ್ಕು ತಲೆಯಾಡಿಸಿ ಬರುತ್ತಿದ್ದಿರಿ. ಆ ನಗುವನ್ನು ಸುಳ್ಳು ಎಂದು ಯಾರಾದರೂ ಬೈದಿದ್ದರೆ ನೋವಾಗುತ್ತಿತ್ತು. ನಾವು ದಿನವೂ ಆ ಸ್ಥಿತಿಯಲ್ಲಿರುತ್ತೇವೆ, ನಮ್ಮದೇ ಮನೆಯಲ್ಲೂ, ಕನ್ನಡದಲ್ಲೂ.

ಸ್ವತಃ ಆಟಿಸ್ಟಿಕ್ ಆಗಿರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ವಿಚಾರ ಮುಂದಿಟ್ಟರು. ನಾವು ನಿಮ್ಮನ್ನು ಅರಿಯುವುದರಲ್ಲಿ ಸೋಲುವಂತೆ ನೀವೂ ನಮ್ಮನ್ನು ಅರಿಯುವುದರಲ್ಲಿ ಸೋಲುತ್ತೀರಿ, ತೊಡಕು ಎರಡೂ ಕಡೆಯದು ಎಂಬುದು ಅದರ ತಿರುಳು. 2020ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನವೊಂದರಲ್ಲಿ ಕಥೆಯೊಂದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಲು ಹೇಳಿದರು. ಎಲ್ಲರೂ ಆಟಿಸ್ಟಿಕ್ ಆಗಿದ್ದ ಗುಂಪು, ಯಾರೂ ಆಟಿಸ್ಟಿಕ್ ಅಲ್ಲದ ಗುಂಪಿನಷ್ಟೇ ಚೆನ್ನಾಗಿ ದಾಟಿಸಿತು. ವಿವರಗಳು ಹೆಚ್ಚು ಕಳೆದುಹೋದದ್ದು ಎರಡೂ ಬೆರೆತ ಗುಂಪಿನಲ್ಲಿ.

ಇನ್ನು ನನ್ನ ನಗುವಿನ ವಿಷಯ. ಬಿಳಿ ಕೋಟಿನವರು ನೋಡಿದರೆ ನಗಬೇಕು ಎಂದು ಚಿಕ್ಕಂದಿನಲ್ಲಿ ಕಲಿಸಿದ್ದರು. ಅದು ಅಭ್ಯಾಸವಾಗಿ ಉಳಿದಿದೆ. ಕೆಲವು ವರ್ಷಗಳ ಹಿಂದೆ ಹೊಟ್ಟೆನೋವೆಂದು ಒಂದು ಆಸ್ಪತ್ರೆಗೆ ಹೋದೆ. ನೋವು ಹತ್ತರಲ್ಲಿ ಎಂಟರಷ್ಟಿದೆ ಎಂದು ಹೇಳಿದೆ. ನಗುತ್ತಾ ಹೇಳುತ್ತಿದ್ದೀರಲ್ಲ, ಗ್ಯಾಸ್ ಇರಬೇಕು ಎಂದು ಮಾತ್ರೆ ಕೊಟ್ಟು ಕಳಿಸಿದರು. ಮರುರಾತ್ರಿ ಇನ್ನೊಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನ್ ಆಗಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿನ ವೈದ್ಯರು ನನ್ನ ಮುಖ ಬಿಟ್ಟು ಹೊಟ್ಟೆಯನ್ನು ಪರೀಕ್ಷಿಸಿದ್ದರು. ಆ ಬಿಲ್ಲಿನ ಒಂದು ಪಾಲನ್ನು ಭರಿಸಿದ್ದು ನಮ್ಮ ಸಂಘದ ಇದೇ ನಿಧಿ. ನಾನಿಲ್ಲಿ ನಿಂತು ಮಾತನಾಡಲು ಒಪ್ಪಿದ್ದು ಅದಕ್ಕಾಗಿ.

ನನಗೆ ಅಂಕಿ ಹೇಳುವಷ್ಟು ಮಾತಿತ್ತು. ಮಾತು ಬಾರದ ಮಗುವಿಗೆ ಹಲ್ಲುನೋವು ಬಂದರೆ ಅದು ತಲೆ ಚಚ್ಚಿಕೊಳ್ಳಬಹುದು, ಊಟ ಬಿಡಬಹುದು, ಸುಮ್ಮನೆ ನಗಲೂಬಹುದು. ಹಟ ಎಂದು ಗದರುವ ಮೊದಲು ಹಲ್ಲು, ಕಿವಿ, ಹೊಟ್ಟೆ ಪರೀಕ್ಷಿಸಬೇಕು.

ಮುಖ ನೋಡಿ ಮಣೆ ಹಾಕುವುದು ಎಂಬ ಗಾದೆಮಾತು ನಮ್ಮಲ್ಲಿದೆ. ದೊಡ್ಡವರಿಗೊಂದು ಮಣೆ, ಬಡವರಿಗೊಂದು ಮಣೆ ಹಾಕುವವರನ್ನು ಕುರಿತು ಆಡುವ ಮಾತು. ಅದನ್ನು ಅಕ್ಷರಶಃ ತೆಗೆದುಕೊಂಡು ಸಮಿತಿಯವರಲ್ಲಿ ಕೆಲವು ಕೋರಿಕೆಗಳನ್ನು ಇಡುತ್ತೇನೆ.

ಅರ್ಜಿದಾರರು ಕಣ್ಣಿಗೆ ಕಣ್ಣು ಕೊಡದೆ ಮಾತನಾಡಿದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳಬೇಡಿ. ಕಷ್ಟ ಹೇಳುವಾಗ ನಕ್ಕರೆ ಕಷ್ಟವಿಲ್ಲ ಎಂದು ತಿಳಿಯಬೇಡಿ. ಕಾಗದಪತ್ರ ನೋಡಿ, ಪ್ರಶ್ನೆ ಕೇಳಿ, ಉತ್ತರಕ್ಕೆ ಹೊತ್ತು ಕೊಡಿ.

ಎರಡನೆಯದಾಗಿ, ನಗುತ್ತಾ "ನೋಡೋಣ" ಎನ್ನಬೇಡಿ. ನಮ್ಮವರ "ನೋಡೋಣ" ಬಹಳ ಸಲ "ಆಗುವುದಿಲ್ಲ" ಎಂದೇ ಅರ್ಥ ಕೊಡುತ್ತದೆ ಎಂದು ನಿಮಗೆ ಗೊತ್ತು. ಆಟಿಸ್ಟಿಕ್ ವ್ಯಕ್ತಿ ಆ ಮಾತನ್ನು ನಂಬಿ ವಾರಗಟ್ಟಲೆ ಕಾಯುತ್ತಾರೆ, ಬೇರೆ ಕಡೆ ಅರ್ಜಿ ಹಾಕುವುದಿಲ್ಲ, ಚಿಕಿತ್ಸೆ ಮುಂದೂಡುತ್ತಾರೆ. ಆಗುತ್ತದೆ ಅಥವಾ ಆಗುವುದಿಲ್ಲ, ಎಷ್ಟು ಹಣ, ಯಾವ ತಾರೀಖು ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ. "ಇಲ್ಲ" ಎಂಬ ಉತ್ತರವೂ ನಮಗೆ ಉಪಕಾರವೇ. ಇದರಿಂದ ಆಟಿಸಂ ಇಲ್ಲದ ಅರ್ಜಿದಾರರಿಗೂ ಅನುಕೂಲ.

ಮೂರನೆಯದಾಗಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಬಲ್ಲ ಕನ್ನಡ ಬಲ್ಲ ಸ್ವಯಂಸೇವಕರ ಪಟ್ಟಿಯೊಂದನ್ನು ಮಾಡೋಣ. ರೋಗಿ ನಗುತ್ತಿದ್ದರೂ ನೋವಿದೆ ಎಂದು ಸ್ಥಳೀಯ ಭಾಷೆಯಲ್ಲಿ ಗಟ್ಟಿಯಾಗಿ ಹೇಳುವವರೊಬ್ಬರು ಪಕ್ಕದಲ್ಲಿದ್ದರೆ ಬಹಳ ವ್ಯತ್ಯಾಸವಾಗುತ್ತದೆ.

ಸರಕಾರದ ಸೌಲಭ್ಯಗಳ ಬಗ್ಗೆಯೂ ಕುಟುಂಬಗಳಿಗೆ ತಿಳಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರಕ್ಕಾಗಿ ಊರಿಗೆ ಓಡಬೇಕಿಲ್ಲ, ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು, ಅದು ದೇಶದಾದ್ಯಂತ ಮಾನ್ಯ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ನಡೆಯುವ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಹೊರರೋಗಿ ಚಿಕಿತ್ಸೆ ಮತ್ತು ಥೆರಪಿಗೂ ಅದರಲ್ಲಿ ಅವಕಾಶವಿದೆ. ಈ ಅರ್ಜಿಗಳನ್ನು ತುಂಬಿಕೊಡುವುದೂ ನೆರವೇ.

ಆದರೆ ವಿಮೆಯೊಂದರಿಂದಲೇ ಎಲ್ಲ ನಡೆಯುವುದಿಲ್ಲ. ವಾರವಾರ ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ, ಅಲ್ಲಿಗೆ ಹೋಗಿಬರುವ ಖರ್ಚು, ಮಗುವಿನ ಜೊತೆಗಿರಲು ಕೆಲಸ ಬಿಟ್ಟ ತಾಯಿಯ ಸಂಬಳ, ಇವೆಲ್ಲ ಸೇರಿ ಒಂದು ಸಾಮಾನ್ಯ ಸಂಸಾರವನ್ನು ಬಗ್ಗಿಸುತ್ತವೆ. ನೀವು ಕೊಡುವ ದೇಣಿಗೆ ಹೋಗುವುದು ಅಲ್ಲಿಗೆ.

ನೆರವು ಪಡೆದ ಮಗು ವೇದಿಕೆಗೆ ಬಂದು ನಕ್ಕು ಫೋಟೋ ತೆಗೆಸಿಕೊಳ್ಳದಿರಬಹುದು, ನಿಮಗೆ ಕೈ ಮುಗಿಯದಿರಬಹುದು, ಬೆನ್ನು ತಿರುಗಿಸಿ ಫ್ಯಾನು ನೋಡುತ್ತಾ ನಿಲ್ಲಬಹುದು. ದಯವಿಟ್ಟು ಅದರಿಂದ ಬೇಸರಪಡಬೇಡಿ, ಮುಂದಿನ ವರ್ಷದ ಕಂತನ್ನೂ ತಪ್ಪಿಸಬೇಡಿ. ಥೆರಪಿಗೆ ತಪ್ಪದೆ ಹೋಗುತ್ತಿದೆಯೇ, ನೀರು ಬೇಕೆಂದು ಕೇಳಲು ಕಲಿತಿದೆಯೇ ಎಂದು ಅದರ ಮನೆಯವರನ್ನು ಕೇಳಿ. ಅವರು ಹೇಳುತ್ತಾರೆ.

ಪ್ರಶ್ನೆಗಳಿದ್ದರೆ ನೇರವಾಗಿ ಕೇಳಿ, ನೇರವಾಗಿಯೇ ಉತ್ತರಿಸುತ್ತೇನೆ.