ಉಪಾಹಾರದ ಪೊಟ್ಟಣವನ್ನು ಓದುವ ಬಗೆ



ಬೆಂಗಳೂರಿನ ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ಎಚ್‌ಎಂಟಿ ಮತ್ತು ಬಿಇಎಲ್ ಕಾರ್ಖಾನೆಗಳು ಸ್ಥಾಪನೆಯಾದವು. ಬೆಳಗಿನ ಪಾಳಿಗೆ ಹೊರಡುವ ಮನೆಗಳಲ್ಲಿ ಉಪಾಹಾರಕ್ಕೆ ಸಮಯ ಕಡಿಮೆ. ಇಂದು ಅಲ್ಲಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಓಟ್ಸ್, ಕಾರ್ನ್‌ಫ್ಲೇಕ್ಸ್, ರಾಗಿಯ ಚಿತ್ರವುಳ್ಳ ಬಿಸ್ಕತ್ತುಗಳು ಸಾಲುಗಟ್ಟಿವೆ. ಅನುಕೂಲವನ್ನು ಹಳಿಯುವುದು ಸಲ್ಲದು. ಆಯ್ಕೆಯ ಬಗೆಯನ್ನು ಅರಿಯಬೇಕು.

ಪೊಟ್ಟಣದ ಮುಂಬದಿಯ ಚಿತ್ರಕ್ಕಿಂತ ಹಿಂಬದಿಯ ಬರಹ ಮುಖ್ಯ. ಕಾನೂನಿನಂತೆ ಘಟಕಾಂಶಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು. ಮೊದಲು ಮೈದಾ, ನಂತರ ಸಕ್ಕರೆ ಇದ್ದರೆ, ರಾಗಿ ಅವೆರಡಕ್ಕಿಂತಲೂ ಕಡಿಮೆಯೆಂದೇ ಅರ್ಥ. 2020ರ ನಿಯಮಗಳ ಪ್ರಕಾರ ಸೇರಿಸಿದ ಸಕ್ಕರೆ ಹಾಗೂ ಸೋಡಿಯಂ ಪ್ರಮಾಣವನ್ನೂ ತಿಳಿಸಬೇಕು. ಹೋಲಿಸುವಾಗ 100 ಗ್ರಾಂ ಲೆಕ್ಕವನ್ನೇ ನೋಡಬೇಕು.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿ.ಗ್ರಾಂ ಆಸುಪಾಸು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಬೆಂಕಿರೋಗವನ್ನು ತಾಳಿಕೊಳ್ಳುವ ಜಿಪಿಯು-28 ರಾಗಿ ತಳಿಯನ್ನು ರೈತರಿಗೆ ನೀಡಿತು. ಅಂತಹ ರಾಗಿಯ ಸತ್ವ ಮೈದಾ ಬೆರೆತ ಬಿಸ್ಕತ್ತಿಗಿಂತ ಹುರಿಹಿಟ್ಟಿನಲ್ಲಿ ಹೆಚ್ಚು. ಮಜ್ಜಿಗೆಯಲ್ಲಿ ಕಲಸಿದರೆ ಉಪಾಹಾರ ಸಿದ್ಧ.

ಮಲೆನಾಡಿಗೂ ಇದರಲ್ಲಿ ಪಾಲಿದೆ. ಕೆಂಪು ಅವಲಕ್ಕಿಯನ್ನು ನೆನೆಸಿದರೆ ಸಾಕು, ಒಲೆ ಬೇಡ. ಅದಕ್ಕೆ ಗಿರಾಕಿಯಿದ್ದರೆ ಭತ್ತದ ಗದ್ದೆಗೆ ಬೆಲೆ. ಇಲ್ಲವಾದರೆ ಗದ್ದೆ ಅಡಿಕೆ ತೋಟವಾಗುತ್ತದೆ. ಮಳೆನೀರನ್ನು ನಿಲ್ಲಿಸಿ ಇಂಗಿಸುವ ನೆಲವೂ ಕೈತಪ್ಪುತ್ತದೆ. ಆದ್ದರಿಂದ ಊರಿನ ಸ್ವಸಹಾಯ ಸಂಘಗಳು ಅವಲಕ್ಕಿಗೆ ನಿಯಮಬದ್ಧ ಲೇಬಲ್ ಹಚ್ಚಿ ನಗರಕ್ಕೆ ಕಳುಹಿಸಲಿ. ನಗರ ಸೇರಿದ ಮಕ್ಕಳು ಹಿಂಬದಿಯನ್ನು ಓದಿ ಕೊಳ್ಳಲಿ.